ಸ್ಟೆಮ್ ಸೆಲ್ ಹಾಕಿಸಿಕೊಂಡರೆ ಇನ್ಸುಲಿನ್ ಚುಚ್ಚಿಕೊಳ್ಳೋದು ತಪ್ಪುತ್ತಾ?

ಕೆಲವರಿಗೆ ತಪ್ಪಿದೆ. ಆದರೆ ನಾನು ಹೇಳ್ತಿರೋದು ಟೈಪ್ 1 ಸಕ್ಕರೆ ಕಾಯಿಲೆಯ ಮಾತು. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕಿರುತ್ತೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲಕೋಶ; ಅದರಿಂದ ಹೊಸ ಬೀಟಾ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಒಳಗೆ ಬಿಡೋಣ ಅನ್ನೋದು ಉಪಾಯ.

ಹಾರ್ವರ್ಡ್‌ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಡಗ್ಲಸ್ ಮೆಲ್ಟನ್ ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಮನೆಯಲ್ಲೇ ಇತ್ತು: ಅವರ ಇಬ್ಬರು ಮಕ್ಕಳಿಗೂ ಟೈಪ್ 1. 2014ರಲ್ಲಿ ಅವರ ತಂಡ ಸ್ಟೆಮ್ ಸೆಲ್‌ಗಳಿಂದ ಬೀಟಾ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿತು. ಇಂಥದ್ದೇ ಕೋಶಗಳನ್ನು ವರ್ಟೆಕ್ಸ್ ಎಂಬ ಔಷಧ ಕಂಪನಿ ರೋಗಿಗಳ ಮೇಲೆ ಪ್ರಯೋಗಿಸಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಿರಲಿಲ್ಲ.

ಕೋಶಗಳನ್ನು ಮೇದೋಜೀರಕ ಗ್ರಂಥಿಗೇ ಹಾಕ್ತಾರೆ ಅಂದ್ಕೊಂಡಿದ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಇಲ್ಲ, ಯಕೃತ್ತಿಗೆ ಹೋಗುವ ರಕ್ತನಾಳದೊಳಕ್ಕೆ ಡ್ರಿಪ್‌ನಂತೆ ಬಿಡ್ತಾರೆ. ಅಲ್ಲೇ ನೆಲೆಯೂರಿ, ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಸುರಿಸುತ್ತವೆ.

ತೊಡಕು ಇರೋದು ಇಲ್ಲಿ: ಪರರ ಕೋಶವಾದ್ದರಿಂದ ಅದನ್ನು ಉಳಿಸಿಕೊಳ್ಳಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಸೋಂಕಿನ ಭಯ ತಪ್ಪಿದ್ದಲ್ಲ. ಅದಕ್ಕೇ ಪ್ರಯೋಗಕ್ಕೆ ಆರಿಸಿದ್ದು, ಸಕ್ಕರೆ ಏಕಾಏಕಿ ಕುಸಿದು ಅಪಾಯಕ್ಕೆ ಸಿಲುಕುತ್ತಿದ್ದವರನ್ನು. ಇನ್ಸುಲಿನ್ ಪೆನ್ನೋ ಪಂಪೋ ಇಟ್ಟುಕೊಂಡು ಚೆನ್ನಾಗಿರುವ ಮಗುವಿಗೆ ಈಗಲೇ ಇದು ಬೇಡ ಅಂತಲೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಹೆಚ್ಚಿನವರದು ಟೈಪ್ 2. ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳಲ್ಲ. ಆ ಕಥೆಯೇ ಬೇರೆ.