ಹಳೆಯದು ಅಂದ ಮಾತ್ರಕ್ಕೆ ಗುಜರಿಗೆ ಹಾಕಬೇಕೇ?

ತಿಪಟೂರಿನ ಓದುಗರೊಬ್ಬರು ಬರೆಯುತ್ತಾರೆ: “ವಾಯುಪಡೆಯ ಹಳೆಯ ತರಬೇತಿ ಜೆಟ್‌ಗಳಿಗೆ ಹೊಸ ಕಂಪ್ಯೂಟರು, ಹೊಸ ಪರದೆ ಹಾಕಿ ಹಾರಿಸುತ್ತಾರಂತೆ. ಬೀಳೋ ಮನೆಗೆ ಸುಣ್ಣ ಹೊಡೆದ ಹಾಗಲ್ಲವೇ? ಆ ದುಡ್ಡಿಗೆ ಹೊಸದನ್ನೇ ತಗೋಬಾರದೇ?”

ಸ್ವಾಮಿ, ಸುಣ್ಣ ಅಂದುಬಿಟ್ಟಿರಿ. ಇನ್ನು ನಾನು ಸುಮ್ನೆ ಇರೋದು ಕಷ್ಟ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ರೆಕ್ಕೆ ಒಡಲಿಗೆ ಸೇರುವ ಜಾಗದ ಲೋಹ ಪ್ರತಿ ಹಾರಾಟದಲ್ಲೂ ಬಾಗಿ ಬಾಗಿ ದಣಿಯುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಯಾವ ಕಂಪ್ಯೂಟರೂ ಕಾಪಾಡುವುದಿಲ್ಲ. ಅದಕ್ಕೇ ಹಾರಾಟದ ಗಂಟೆಗಳ ಲೆಕ್ಕ ಇಡುತ್ತಾರೆ. ಆಯಸ್ಸು ಮುಗಿದದ್ದನ್ನು ನಿಲ್ಲಿಸಲೇಬೇಕು. ಇಷ್ಟು ಒಪ್ಪಿದೆ.

ಆದರೆ ಅಮೆರಿಕದವರಿಗೇನು ದುಡ್ಡಿಗೆ ಬರವೇ? ಅವರ ತರಬೇತಿ ಜೆಟ್ ಟಿ-38 ಮೊದಲು ಹಾರಿದ್ದು 1959ರಲ್ಲಿ. ಮುಳ್ಳಿನ ಮೀಟರುಗಳನ್ನು ಕಿತ್ತು ಪರದೆ ಕೂರಿಸಿದರು, ಎಷ್ಟೋ ವಿಮಾನಗಳಿಗೆ ರೆಕ್ಕೆಯನ್ನೇ ಬದಲಿಸಿದರು, ಅದರಲ್ಲೇ ಇನ್ನೂ ಪೈಲಟ್‌ಗಳನ್ನು ತಯಾರು ಮಾಡುತ್ತಿದ್ದಾರೆ. ಜೆಕ್ ದೇಶದವರು 1968ರಲ್ಲಿ ಹಾರಿಸಿದ ಎಲ್-39 ತರಬೇತಿ ಜೆಟ್ಟಿಗೆ ಹೊಸ ಎಂಜಿನ್ ಹಾಕಿ, ರೆಕ್ಕೆ ತಿದ್ದಿ, ಎಲ್-39ಎನ್‌ಜಿ ಅಂತ ಹೊರದೇಶಕ್ಕೂ ಮಾರುತ್ತಿದ್ದಾರೆ. ಸುಣ್ಣ ಹೊಡೆದದ್ದನ್ನು ಯಾರಾದರೂ ಕೊಳ್ಳುತ್ತಾರಾ?

ಪರದೆ ಬರೀ ಶೋಕಿಗಲ್ಲ. ಇವತ್ತಿನ ತೇಜಸ್‌ನಲ್ಲೋ ರಫೇಲ್‌ನಲ್ಲೋ ಕೂತ ಹುಡುಗನ ಎದುರು ಇರೋದೆಲ್ಲ ಪರದೆಯೇ. ಮುಳ್ಳು ನೋಡಿ ಕಲಿತವನು ಅಲ್ಲಿ ಹೋಗಿ ಮತ್ತೆ ಅಆಇಈ ಕಲಿಯಬೇಕು. ಅದೂ ಗಂಟೆಗೆ ನೀರಿನಂತೆ ದುಡ್ಡು ಕುಡಿಯುವ ವಿಮಾನದಲ್ಲಿ. ಈಗ ತರಬೇತಿ ಜೆಟ್‌ನಲ್ಲಿ ರೇಡಾರ್ ಇಲ್ಲದಿದ್ದರೂ ಸಾಫ್ಟ್‌ವೇರು ಪರದೆಯ ಮೇಲೆ ‘ಶತ್ರು ವಿಮಾನ’ ತೋರಿಸುತ್ತದೆ. ಹುಡುಗ ಅದನ್ನು ಹುಡುಕಿ, ಗುರಿಯಿಟ್ಟು, ಸುಳ್ಳು ಕ್ಷಿಪಣಿ ಬಿಡುತ್ತಾನೆ. ಪಾಠ ನಿಜ, ಖರ್ಚು ಕಮ್ಮಿ.

‘ಹೊಸದನ್ನೇ ತಗೊಳ್ಳಿ’ ಅನ್ನೋದು ಬಾಯಲ್ಲಿ ಸುಲಭ. ನಮ್ಮ ತರಬೇತಿ ಜೆಟ್ ‘ಕಿರಣ್’ ವಿಮಾನ ವಿನ್ಯಾಸಕ ವಿ.ಎಂ. ಘಾಟಗೆಯವರ ಕಾಲದ್ದು, 1964ರಲ್ಲಿ ಬೆಂಗಳೂರಿನಲ್ಲಿ ಹಾರಿತು. ಗುರು ಶಿಷ್ಯ ಅಕ್ಕಪಕ್ಕ ಕೂರುವ ವಿಮಾನ. ಶಿಷ್ಯನ ಕೈ ನಡುಗಿದರೆ ಗುರುವಿಗೆ ಕಾಣುತ್ತದೆ. ಬೀದರ್‌ನಲ್ಲಿ 1996ರಲ್ಲಿ ಕಟ್ಟಿದ ವಾಯುಪಡೆಯ ಸೂರ್ಯಕಿರಣ್ ತಂಡ ಆಕಾಶದಲ್ಲಿ ಕಸರತ್ತು ಶುರು ಮಾಡಿದ್ದೂ ಇದರಲ್ಲೇ. ಇದರ ಜಾಗಕ್ಕೆ ಬರಬೇಕಿದ್ದ ‘ಸಿತಾರ’ 2003ರಲ್ಲೇ ಹಾರಿತು. ಆದರೆ ಗಿರಗಿರ ತಿರುಗುತ್ತಾ ಕೆಳಗೆ ಬೀಳುವ ಗಿರಕಿಗೆ ಸಿಕ್ಕರೆ ಸುಲಭಕ್ಕೆ ಎದ್ದು ಬರುತ್ತಿರಲಿಲ್ಲ. ಅದನ್ನು ಸರಿಪಡಿಸುವುದರಲ್ಲೇ ವರ್ಷಗಳು ಕಳೆದವು. 2025ರಲ್ಲಿ ‘ಯಶಸ್’ ಅಂತ ಹೆಸರು ಬದಲಾಯಿತು. ಅತ್ತ ಎಚ್‌ಎಎಲ್‌ನವರು ಬ್ರಿಟನ್ನಿನ ಹಾಕ್ ಜೆಟ್ಟಿಗೆ ತಮ್ಮ ಖರ್ಚಿನಲ್ಲೇ ದೇಸಿ ಕಂಪ್ಯೂಟರು ಹಾಕಿ ‘ಹಾಕ್-ಐ’ ಮಾಡಿದರು. 2021ರ ಜನವರಿಯಲ್ಲಿ ಅದರಿಂದ ರನ್‌ವೇ ಒಡೆಯುವ ದೇಸಿ ಅಸ್ತ್ರವನ್ನೂ ಹಾಕಿ ತೋರಿಸಿದರು. ಪಾಠ ಹೇಳೋ ವಿಮಾನ ಯುದ್ಧಕ್ಕೂ ಆಗುತ್ತದೆ ಅಂತಾಯಿತು. ಬೇರೆಯವರ ವಿಮಾನ ಬಿಚ್ಚಿ ನಮ್ಮದನ್ನು ಕೂರಿಸಿದವನಿಗೆ ಬರುವ ವಿದ್ಯೆ, ಡಬ್ಬ ಒಡೆದು ಹೊಸದನ್ನು ಹಾರಿಸಿದವನಿಗೆ ಬರಲ್ಲ.

ನಮಗೆ ಬಿಚ್ಚೋದೇ ಮರೆತುಹೋಗಿದೆ. ಮೊನ್ನೆ ಮಿಕ್ಸಿ ತಗೊಂಡು ಹೋದರೆ ಅಂಗಡಿಯವನು ಸ್ಕ್ರೂ ಕೂಡ ತಿರುಗಿಸಲಿಲ್ಲ. ‘ಹೊಸದು ತಗೊಳ್ಳಿ ಸಾರ್, ಎಕ್ಸ್‌ಚೇಂಜ್ ಇದೆ’ ಅಂದ. ಅದೇ ಬಿ.ಎಚ್. ರಸ್ತೆಯ ಬದಿಯಲ್ಲಿ ಒಬ್ಬ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಎಚ್‌ಎಂಟಿ ವಾಚಿನ ಚಕ್ರ ಎತ್ತಿ, ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸುತ್ತಾರೆ. ವಾಚು ಓಡುತ್ತದೆ. ಅದನ್ನು ತಯಾರಿಸಿದ ನಮ್ಮೂರು ತುಮಕೂರಿನ ಕಾರ್ಖಾನೆ 2016ರಲ್ಲೇ ಬಾಗಿಲು ಹಾಕಿತು. ಆ ಹಿರಿಯರ ಹತ್ತಿರ ಕೆಲಸ ಕಲಿಯೋಕೆ ಒಬ್ಬ ಹುಡುಗನೂ ಬಂದಿಲ್ಲ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ: ಮೊಮ್ಮಗನಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ‘ಬರೀ ಮೆಕ್ಯಾನಿಕಲ್’ ಸಿಕ್ಕಿತು ಅಂತ. ಬರೀ ಅಂದರೇನು ಸ್ವಾಮಿ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅಲ್ಲಿಂದ ಹಾರಿದವೂ ಒಂದು ದಿನ ಹಳತಾಗುತ್ತವೆ, ಯಾರಾದರೂ ಬಿಚ್ಚಲೇಬೇಕು. ಹುಡುಗನನ್ನು ಸುಮ್ನೆ ಓದೋಕೆ ಬಿಡಿ. ರಜೆಯಲ್ಲಿ ತುಮಕೂರಿಗೆ ಕಳಿಸಿ, ಆ ವಾಚ್ ರಿಪೇರಿಯವರ ಪರಿಚಯ ನಾನೇ ಮಾಡಿಸುತ್ತೇನೆ.

— ಸಂ.