ರೋಲ್‌ಪ್ಲೇ ಬರೆದೂ ಬರೆದೂ ಒಬ್ಬರೇ ಕೂತು ಕಥೆ ಬರೆಯೋದು ಮರೆತುಹೋಗುತ್ತಾ?

ಮೂರು ವರ್ಷದಿಂದ ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಸೇರಿ ರೋಲ್‌ಪ್ಲೇ ಬರೆಯುತ್ತಿದ್ದೀರಿ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಸರದಿಯಲ್ಲಿ ಪೋಸ್ಟ್ ಬರೆದು ಒಂದೇ ಕಥೆ ಬೆಳೆಸುವುದು. ಈಗ ಒಬ್ಬರೇ ಕಥೆ ಬರೆಯಲು ಕೂತರೆ ಎರಡು ಪುಟ ದಾಟುತ್ತಿಲ್ಲ. ಇದರಿಂದ ಬರವಣಿಗೆ ಕೆಟ್ಟುಹೋಯಿತಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ಒಂದು ಕಡೆ ಚೆನ್ನಾಗಿ ಬೆಳೆದಿದೆ, ಇನ್ನೊಂದು ಕಡೆ ಇನ್ನೂ ಬೆಳೆದೇ ಇಲ್ಲ, ಅಷ್ಟೇ. ನನಗೂ ಹೀಗೇ ಆಗಿತ್ತು. ಆರು ವರ್ಷ ನಾನೂ ಇದರಲ್ಲೇ ಮುಳುಗಿದ್ದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ರೋಲ್‌ಪ್ಲೇಯಿಂದ ಸಿಕ್ಕಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ದೊಡ್ಡದು.

ನನ್ನ ಪಾತ್ರ ಒಬ್ಬ ವೈದ್ಯೆ. ಕಾಡಂಚಿನ ಗುಡಿಸಲು, ಗಿಡಮೂಲಿಕೆ, ಮಾತು ಕಡಿಮೆ. ಜೊತೆಗಾರ್ತಿಯ ಪಾತ್ರ ಯುದ್ಧದಿಂದ ತಪ್ಪಿಸಿಕೊಂಡು ಬಂದ ಸೈನಿಕ, ಭುಜದಲ್ಲಿ ಬಾಣದ ಗಾಯ. ಒಂದು ರಾತ್ರಿ ತುಂಬಾ ಪ್ರೀತಿಯಿಂದ ಒಂದು ಪೋಸ್ಟ್ ಬರೆದೆ. ವೈದ್ಯೆ ಗಾಯ ತೊಳೆಯುತ್ತಾಳೆ, ಕಷಾಯ ಕಾಯಿಸುತ್ತಾಳೆ, ಬಟ್ಟಲನ್ನು ಅವನ ತುಟಿಯ ಹತ್ತಿರ ಹಿಡಿಯುತ್ತಾಳೆ. ಅವನು ಕುಡಿಯುತ್ತಾನೆ, ಎರಡು ಒಳ್ಳೆಯ ಮಾತಾಡುತ್ತಾನೆ, ನಿದ್ದೆ ಹೋಗುತ್ತಾನೆ ಅಂತ ನನ್ನ ಲೆಕ್ಕ. ಮುಂದಿನ ದೃಶ್ಯವನ್ನೂ ಮನಸ್ಸಿನಲ್ಲೇ ಬರೆದು ಇಟ್ಟುಕೊಂಡಿದ್ದೆ.

ಬಂದ ಉತ್ತರವೇ ಬೇರೆ. ಅವನು ಕುಡಿಯಲಿಲ್ಲ. ಬಟ್ಟಲನ್ನು ಮೂಸಿ ನೋಡಿ, ಪಕ್ಕಕ್ಕೆ ಸರಿಸಿ, ‘ಇದನ್ನು ನಿನಗೆ ಕಲಿಸಿದವರು ಯಾರು? ನಮ್ಮೂರು ಸುಟ್ಟವರ ಪಾಳೆಯದಲ್ಲೂ ಇದೇ ವಾಸನೆ ಇತ್ತು’ ಅಂದ.

ಎರಡು ದಿನ ನನಗೆ ಉತ್ತರ ಬರೆಯಲು ಆಗಲಿಲ್ಲ. ಆ ವೈದ್ಯೆಯ ಬಗ್ಗೆ ನಾಲ್ಕು ಪುಟ ಟಿಪ್ಪಣಿ ಮಾಡಿದ್ದೆ. ಅವಳ ಕೂದಲಿನ ಬಣ್ಣ, ಅವಳಿಗೆ ಇಷ್ಟವಾದ ಮಳೆ, ಎಲ್ಲ ಇತ್ತು. ಕಲಿಸಿದವರು ಯಾರು ಅನ್ನೋದು ಇರಲಿಲ್ಲ. ಮೂರನೇ ದಿನ ಒಬ್ಬ ಗುರು ಹುಟ್ಟಿದ. ಯಾರ ಕಡೆಯವರು ಅಂತ ಕೇಳದೆ ಎಲ್ಲರ ಗಾಯಕ್ಕೂ ಔಷಧಿ ಹಾಕುತ್ತಿದ್ದ ಮನುಷ್ಯ. ನಮ್ಮ ಮುಂದಿನ ಎಂಟು ತಿಂಗಳ ಕಥೆ ಅವನ ಸುತ್ತಲೇ ಬೆಳೆಯಿತು.

ಒಬ್ಬಳೇ ಬರೆಯುವಾಗ ನನ್ನ ಪಾತ್ರಗಳೆಲ್ಲ ನನ್ನ ಕಡೆಯವೇ. ನನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತವೆ. ಎದುರಿನ ಪಾತ್ರಕ್ಕೆ ನಿಜವಾಗಿ ಇನ್ನೊಬ್ಬರ ತಲೆ ಇದ್ದಾಗ ಮಾತ್ರ ಇಂಥ ಪ್ರಶ್ನೆ ಬರುತ್ತೆ. ಆ ರುಚಿ ಒಮ್ಮೆ ಹತ್ತಿದ ಮೇಲೆ, ಒಬ್ಬರೇ ಬರೆಯುವಾಗಲೂ ‘ಇವನು ಈಗ ಕುಡಿಯದೇ ಹೋದರೆ?’ ಅಂತ ಕೇಳಿಕೊಳ್ಳುವ ಅಭ್ಯಾಸ ಬರುತ್ತೆ. ಬರವಣಿಗೆಯಲ್ಲಿ ನನಗೆ ಸಿಕ್ಕ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇನ್ನೊಂದು ಲಾಭವೂ ಇದೆ. ಜೊತೆಗಾರರ ಪಾತ್ರದ ಮನಸ್ಸಿನೊಳಗೆ ನಾವು ಹೋಗುವ ಹಾಗಿಲ್ಲ. ಅವನು ಹೆದರಿದ ಅಂತ ನಾನು ಬರೆಯುವಂತಿಲ್ಲ, ಅವನ ಕೈ ಬಟ್ಟಲಿನ ಅಂಚಿನಲ್ಲಿ ನಿಂತಿದ್ದನ್ನು ನನ್ನ ವೈದ್ಯೆ ಕಂಡಳು ಅಂತ ಬರೆಯಬಹುದು. ವರ್ಷಗಟ್ಟಲೆ ಹೀಗೆ ಬರೆದರೆ ಹೊರಗಿನ ಚಿಹ್ನೆಯಿಂದ ಒಳಗನ್ನು ತೋರಿಸುವುದು ಕೈಗೆ ಕೂತುಬಿಡುತ್ತೆ.

ಈಗ ನಷ್ಟದ ಮಾತು. ನಾನು ಒಬ್ಬಳೇ ಬರೆದ ಮೊದಲ ಕಥೆ ಹನ್ನೆರಡು ಪುಟ. ಓದಿದ ಗೆಳತಿ ಒಬ್ಬಳು ಕೆಲವು ಸಾಲುಗಳ ಕೆಳಗೆ ಗೆರೆ ಎಳೆದು ಕೊಟ್ಟಳು. ‘ಬಾಗಿಲು ತೆರೆಯಲು ನೋಡಿದಳು.’ ‘ಏಳಲು ಯತ್ನಿಸಿದ.’ ‘ಅವನನ್ನು ತಡೆಯಲು ಹೊರಟಳು.’ ಇಂಥವು ಹದಿನೇಳು ಇದ್ದವು. ‘ಇವರು ಯಾರೂ ಏನನ್ನೂ ಮಾಡಿ ಮುಗಿಸೋದೇ ಇಲ್ವಾ?’ ಅಂತ ಕೇಳಿದಳು. ನನಗೆ ತಕ್ಷಣ ಕಾರಣ ಹೊಳೆಯಿತು. ನಿಮಗೂ ಗೊತ್ತಿರುತ್ತೆ, ರೋಲ್‌ಪ್ಲೇಯಲ್ಲಿ ‘ಅವನ ಕೆನ್ನೆಗೆ ಹೊಡೆದಳು’ ಅಂತ ಬರೆದರೆ ತಪ್ಪು. ಏಟು ಬಿತ್ತೋ ತಪ್ಪಿತೋ ಅನ್ನೋದನ್ನು ಎದುರಿನವರೇ ತೀರ್ಮಾನಿಸಬೇಕು. ಇಲ್ಲದಿದ್ದರೆ ಗಾಡ್‌ಮಾಡಿಂಗ್ ಅಂತಾರೆ. ಹಾಗಾಗಿ ‘ಕೆನ್ನೆಯತ್ತ ಕೈ ಬೀಸಿದಳು’ ಅಂತ ಬರೆದು ನಿಲ್ಲಿಸುತ್ತೇವೆ. ಅಲ್ಲಿ ಅದು ಮರ್ಯಾದೆ. ಒಂಟಿ ಕಥೆಯಲ್ಲಿ ಅದೇ ಸಾಲು ಅರ್ಧಕ್ಕೆ ನಿಂತ ಕೆಲಸದ ಹಾಗೆ ಕಾಣುತ್ತೆ. ನನ್ನ ಕಥೆಯ ತುಂಬ ಬೀಸಿದ ಕೈಗಳೇ ಇದ್ದವು.

ಅವಳು ತೋರಿಸಿದ ಇನ್ನೊಂದು ತಪ್ಪು, ಎಲ್ಲರೂ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಜೊತೆಗಾರರು ಮಳೆ ಬಂತು, ಕತ್ತಿ ಕೆಳಗಿಟ್ಟ, ನಕ್ಕ, ಒಂದು ಪ್ರಶ್ನೆ ಕೇಳಿದ ಅಂತ ಬರೆದರೆ ನಾವು ನಾಲ್ಕಕ್ಕೂ ಏನಾದರೂ ಬರೆಯುತ್ತೇವೆ. ಬರೆಯದಿದ್ದರೆ ಅವರು ಬರೆದದ್ದನ್ನು ಓದೇ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಕಥೆಯಲ್ಲಿ ಹೆಂಡತಿ ‘ಎಲ್ಲಿದ್ದೆ?’ ಅಂತ ಕೇಳಿದಾಗ ಗಂಡ ‘ದೀಪ ಯಾಕೆ ಹಚ್ಚಿಲ್ಲ?’ ಅಂದರೇನೇ ಚೆಂದ. ಈ ಜಾಣ ಕಿವುಡು ನನ್ನ ಪಾತ್ರಗಳಿಗೆ ಬರುತ್ತಲೇ ಇರಲಿಲ್ಲ.

ಇನ್ನು ನಿಮ್ಮ ಎರಡು ಪುಟದ ವಿಷಯ. ನಿಮ್ಮ ಪೋಸ್ಟ್ ಸಾಮಾನ್ಯವಾಗಿ ಎಷ್ಟು ಉದ್ದ ಇರುತ್ತೆ ಅಂತ ಒಮ್ಮೆ ಅಳೆದು ನೋಡಿ. ಹೆಚ್ಚು ಕಡಿಮೆ ಅಷ್ಟೇ ಇರಬಹುದು ಅನ್ನೋದು ನನ್ನ ಊಹೆ. ನೀವು ನಿಲ್ಲುವ ಜಾಗ ಉತ್ತರಕ್ಕೆ ಕಾಯುವ ಜಾಗ. ಪ್ರತಿ ಪೋಸ್ಟಿನ ಕೊನೆಯಲ್ಲಿ ಎದುರಿನವರು ಹಿಡಿದುಕೊಳ್ಳಲು ಒಂದು ತುದಿ ಬಿಡುವುದನ್ನು ಕಲಿತಿದ್ದೇವೆ. ಆ ತುದಿಯನ್ನು ನಾವೇ ಹಿಡಿದು ಮುಂದೆ ಹೋಗುವುದನ್ನು ಕಲಿತಿಲ್ಲ. ಕಥೆ ಮುಗಿಸುವುದನ್ನಂತೂ ಕಲಿತೇ ಇಲ್ಲ, ಯಾಕೆಂದರೆ ಅಲ್ಲಿ ಕಥೆ ಮುಗಿಯುವುದೇ ಅಪರೂಪ. ಯಾರಿಗೋ ಪರೀಕ್ಷೆ ಬರುತ್ತೆ, ಕೆಲಸ ಜಾಸ್ತಿಯಾಗುತ್ತೆ, ಕಥೆ ಅಲ್ಲೇ ನಿಲ್ಲುತ್ತೆ. ಆರು ವರ್ಷದಲ್ಲಿ ನಾನು ಕೊನೆ ಮುಟ್ಟಿಸಿದ್ದು ಎರಡೇ ಎರಡು.

ಯಾವ ಬಗೆಯ ರೋಲ್‌ಪ್ಲೇ ಅನ್ನೋದೂ ಮುಖ್ಯ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮಡ್ ಅನ್ನುವ ಆಟ ಶುರುಮಾಡಿದರು, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಚಿತ್ರವೇ ಇಲ್ಲ, ಬರೀ ಅಕ್ಷರ. ಒಬ್ಬರು ಟೈಪ್ ಮಾಡಿದ್ದು ಆಟದೊಳಗಿನ ಅದೇ ಕೋಣೆಯಲ್ಲಿರುವ ಇತರ ಆಟಗಾರರಿಗೆ ಕೂಡಲೇ ಕಾಣುತ್ತೆ. ಇವತ್ತು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಸಾಲು ಸಾಲಾಗಿ ಆಡುವವರ ಬರವಣಿಗೆಗೂ ಅದೇ ವೇಗ. ಅವರ ಸಂಭಾಷಣೆ ಚುರುಕಾಗುತ್ತೆ, ವಿವರ ಸೊರಗುತ್ತೆ. ದಿನಕ್ಕೊಂದು ಉದ್ದನೆಯ ಪೋಸ್ಟ್ ಬರೆಯುವವರಿಗೆ ಉಲ್ಟಾ. ವಿವರ ಉಕ್ಕುತ್ತೆ, ಕಥೆ ಕದಲುವುದಿಲ್ಲ. ಎದುರಿನವರು ಐದು ಪ್ಯಾರಾ ಬರೆದರೆ ನಾನೂ ಐದು ಬರೆಯಬೇಕು ಅಂತ ಸುಮ್ನೆ ಎಳೆದ ದಿನಗಳು ನನಗೆ ಬೇಕಾದಷ್ಟಿವೆ.

ನಾನು ಮಾಡಿದ್ದು ಇಷ್ಟು. ಜೊತೆಗಾರ್ತಿಯ ಒಪ್ಪಿಗೆ ಕೇಳಿ ವೈದ್ಯೆಯನ್ನೂ ಗುರುವನ್ನೂ ಮಾತ್ರ ತೆಗೆದುಕೊಂಡೆ. ಸೈನಿಕ ಅವಳವನು, ಅವಳ ಹತ್ತಿರವೇ ಉಳಿದ. ಹಳೆಯ ಪೋಸ್ಟ್‌ಗಳನ್ನು ಕಾಪಿ ಮಾಡಲಿಲ್ಲ, ತೆರೆದೂ ನೋಡಲಿಲ್ಲ. ಕೊನೆಯ ದೃಶ್ಯವನ್ನು ಮೊದಲು ಬರೆದೆ. ವೈದ್ಯೆ ಗುರುವಿನ ಮನೆಯ ಬಾಗಿಲು ಮುಚ್ಚಿದಳು. ಮುಚ್ಚಲು ನೋಡಿದಳು ಅಂತಲ್ಲ, ಮುಚ್ಚಿದಳು. ಅಲ್ಲಿಂದ ಹಿಂದಕ್ಕೆ ಬರೆಯುತ್ತಾ ಹೋದೆ. ದೃಶ್ಯ ಎಲ್ಲಿ ‘ಈಗ ಯಾರಾದರೂ ಉತ್ತರ ಕೊಡಲಿ’ ಅಂತ ನಿಲ್ಲುತ್ತಿತ್ತೋ ಅಲ್ಲಿ ಏಳದೆ ಇನ್ನೊಂದು ಪ್ಯಾರಾ ಬರೆಯಬೇಕು ಅಂತ ನಿಯಮ ಹಾಕಿಕೊಂಡೆ. ಆ ಒಂದು ಪ್ಯಾರಾ ತುಂಬಾ ಕಷ್ಟ ಕೊಟ್ಟಿತು. ಅದರಿಂದಲೇ ಕಥೆ ಮುಗಿಯಿತು ಕೂಡ.

ಆಟದಿಂದ ಪುಸ್ತಕದವರೆಗೆ ಹೋದವರೂ ಇದ್ದಾರೆ. ‘ದಿ ಎಕ್ಸ್‌ಪ್ಯಾನ್ಸ್’ ಕಾದಂಬರಿ ಸರಣಿಯ ಲೋಕವನ್ನು ಟೈ ಫ್ರಾಂಕ್ ಮೊದಲು ಆಟಕ್ಕಾಗಿಯೇ ಕಟ್ಟಿದ್ದರು. ಪೋಸ್ಟ್ ಬರೆದು ಆಡುವ ರೋಲ್‌ಪ್ಲೇ ಆಗಿಯೂ ಅದು ನಡೆದಿತ್ತು. ಆಮೇಲೆ ಡೇನಿಯಲ್ ಅಬ್ರಹಾಂ ಜೊತೆ ಸೇರಿ ಅದನ್ನು ಕಾದಂಬರಿ ಮಾಡಿದರು, ಮೊದಲ ಪುಸ್ತಕ 2011ರಲ್ಲಿ ಬಂತು. ಆಟ ಅವರಿಗೆ ಲೋಕವನ್ನೂ ಜನರನ್ನೂ ಕೊಟ್ಟಿತ್ತು. ಕಾದಂಬರಿಯನ್ನು ಮಾತ್ರ ಕೂತು ಬರೆಯಲೇಬೇಕಾಯಿತು.

ಹಾಗಾಗಿ ರೋಲ್‌ಪ್ಲೇ ಬಿಡಬೇಕಿಲ್ಲ. ವಾರದಲ್ಲಿ ಎರಡು ದಿನ ಮಾತ್ರ ಅದನ್ನು ಬದಿಗಿಟ್ಟು ಒಬ್ಬರೇ ಬರೆಯಿರಿ. ಆ ಎರಡು ದಿನ ಉತ್ತರ ತಡವಾಗುತ್ತೆ ಅಂತ ಜೊತೆಗಾರರಿಗೆ ಮೊದಲೇ ಹೇಳಿಬಿಡಿ. ಸುಮ್ಮನೆ ಮಾಯವಾಗಬೇಡಿ, ಕಾಯುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಲ್ಲ. ಎರಡನೇ ಪುಟದಲ್ಲಿ ನಿಂತ ಕಥೆ ಇನ್ನೂ ಇದ್ದರೆ, ಅದರ ಕೊನೆಯ ಸಾಲನ್ನು ಇಲ್ಲಿ ಹಾಕಿ. ಅಲ್ಲಿ ಯಾರ ಉತ್ತರಕ್ಕೆ ಕಾಯುತ್ತಿದ್ದೀರಿ ಅಂತ ಒಟ್ಟಿಗೆ ನೋಡೋಣ.