ಎಐ ಹುಟ್ಟಿದ್ದು 1956ರ ಡಾರ್ಟ್‌ಮತ್ ಮೀಟಿಂಗ್‌ನಲ್ಲೇನಾ? ಮೊದಲ ಎಐ ಪ್ರೋಗ್ರಾಂ ಯಾವುದು?

ಎಐ ಅನ್ನೋ ಹೆಸರು ಬಂದಿದ್ದು ಅಮೆರಿಕದ ಡಾರ್ಟ್‌ಮತ್ ಕಾಲೇಜಲ್ಲಿ ಸಂಶೋಧಕರು ಸೇರಿದ್ದ ಅದೇ ಮೀಟಿಂಗ್‌ನಿಂದ, ಅದು ಸರಿ. ಜಾನ್ ಮೆಕಾರ್ಥಿ ಮತ್ತೆ ಜೊತೆಗಾರರು 1955ರಲ್ಲಿ ಅದಕ್ಕೆ ದುಡ್ಡು ಕೇಳೋಕೆ ಬರೆದ ಪ್ರಪೋಸಲ್‌ನಲ್ಲೇ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅನ್ನೋ ಪದ ಇದೆ. ಆದ್ರೆ ಕೆಲಸ ಆಗ್ಲೇ ಶುರುವಾಗಿತ್ತು. 1952ರಲ್ಲೇ ಇಂಗ್ಲೆಂಡಲ್ಲಿ ಕ್ರಿಸ್ಟೊಫರ್ ಸ್ಟ್ರೇಚಿ ಕಂಪ್ಯೂಟರ್ ಕೈಲಿ ಡ್ರಾಫ್ಟ್ಸ್ (ಚೆಕರ್ಸ್ ಅಂತಾನೂ ಕರೆಯೋ ಬೋರ್ಡ್ ಆಟ) ಆಡಿಸಿದ್ರು. ಹಾಗಿದ್ರೂ ಮೊದಲನೇದು ಅಂತ ನಾನು ಹೇಳೋದು ತರ್ಕದ ಪ್ರಮೇಯಗಳನ್ನ ಸಾಬೀತು ಮಾಡೋ ಲಾಜಿಕ್ ಥಿಯರಿಸ್ಟ್ ಅನ್ನೋ ಪ್ರೋಗ್ರಾಂನ, ಯಾಕಂದ್ರೆ ಅದನ್ನ ಬರೆದಿದ್ದೇ ಮನುಷ್ಯ ಹೇಗೆ ಯೋಚನೆ ಮಾಡ್ತಾನೆ ಅನ್ನೋದನ್ನ ಹಿಡಿಯೋಕೆ. ಮಾಡಿದ್ದು ಮೂರು ಜನ, ಅಲೆನ್ ನ್ಯೂವೆಲ್, ಹರ್ಬರ್ಟ್ ಸೈಮನ್, ಕ್ಲಿಫ್ ಶಾ.

ಇದು ಮೊದಲು ಓಡಿದ್ದು ಕಂಪ್ಯೂಟರ್ ಮೇಲೆ ಅಲ್ಲ, ಮನುಷ್ಯರ ಮೇಲೆ! 1956ರ ಜನವರಿ, ಪಿಟ್ಸ್‌ಬರ್ಗ್. ಕೋಡ್ ಇನ್ನೂ ರೆಡಿ ಇರ್ಲಿಲ್ಲ, ಅದಕ್ಕೆ ಸೈಮನ್ ತಮ್ಮ ಹೆಂಡತಿ, ಮೂರು ಮಕ್ಕಳು, ಒಂದಷ್ಟು ಸ್ಟೂಡೆಂಟ್ಸ್ ಎಲ್ಲರನ್ನೂ ಸೇರಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಕಾರ್ಡ್ ಕೊಟ್ರು, ಪ್ರೋಗ್ರಾಂನ ಒಂದೊಂದು ತುಂಡು ಒಂದೊಂದು ಕಾರ್ಡಲ್ಲಿ, ತಮ್ಮ ಸರದಿ ಬಂದಾಗ ಅದರಲ್ಲಿ ಬರೆದಿದ್ದಷ್ಟನ್ನೇ ಮಾಡೋದು. ತರ್ಕ ಗೊತ್ತಿಲ್ಲದ ಮಕ್ಕಳೂ ಸೇರಿ ತರ್ಕದ ಪ್ರೂಫ್ ತೆಗೆದ್ರು ಅಂದ್ರೆ ನನಗೆ ಈಗ್ಲೂ ಮೈ ಜುಮ್ಮನ್ನುತ್ತೆ.

ಒಳಗಿನ ಐಡಿಯಾ ಇಷ್ಟೇ, ಎಲ್ಲಾ ದಾರಿಗಳನ್ನೂ ಹುಡುಕ್ತಾ ಕೂತ್ರೆ ಜನ್ಮ ಸಾಲಲ್ಲ, ಹಾಗಾಗಿ ತಲುಪಬೇಕಾದ ಕಡೆಯಿಂದ ಹಿಂದಕ್ಕೆ ಬಾ. 'ಎ ಇಂದ ಸಿ ಬರುತ್ತೆ' ಅಂತ ತೋರಿಸ್ಬೇಕಾ, ಗೊತ್ತಿರೋ ಪ್ರಮೇಯಗಳಲ್ಲಿ 'ಬಿ ಇಂದ ಸಿ ಬರುತ್ತೆ' ಅನ್ನೋದು ಇದ್ಯಾ ನೋಡು, ಇದ್ರೆ ಇನ್ನು 'ಎ ಇಂದ ಬಿ' ತೋರಿಸಿದ್ರೆ ಮುಗೀತು. ಹೀಗೇ ಅದು ತರ್ಕಶಾಸ್ತ್ರಜ್ಞರಾದ ರಸೆಲ್ ಮತ್ತೆ ವೈಟ್‌ಹೆಡ್ ಬರೆದ ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ ಅನ್ನೋ ಪುಸ್ತಕದ 2ನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನ ಸಾಬೀತು ಮಾಡ್ತು. 2.85ನೇ ಪ್ರಮೇಯಕ್ಕಂತೂ ಪುಸ್ತಕದಲ್ಲಿರೋದಕ್ಕಿಂತ ಚೊಕ್ಕವಾದ ಪ್ರೂಫ್ ಕೊಡ್ತು. ಸೈಮನ್ ಇದನ್ನ ರಸೆಲ್‌ಗೇ ಪತ್ರ ಬರೆದು ತಿಳಿಸಿದ್ರು, ಅವರೂ ಖುಷಿಯಿಂದ ಉತ್ತರ ಬರೆದ್ರು. ಪ್ರೋಗ್ರಾಂನೂ ಒಬ್ಬ ಲೇಖಕ ಅಂತ ಸೇರಿಸಿ ಕಳಿಸಿದ ಪೇಪರ್‌ನ ಮಾತ್ರ ಒಂದು ಜರ್ನಲ್ ವಾಪಸ್ ಕಳಿಸ್ತು.

ಶಾ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ, ನನಗೆ ಅದೇ ಬೇಜಾರು. ಇದನ್ನೆಲ್ಲ ಸಾಂಟಾ ಮೋನಿಕಾದ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿದ್ದ ಜಾನಿಯಾಕ್ ಅನ್ನೋ ಮಷೀನ್ ಮೇಲೆ ನಿಜವಾಗಿ ಓಡಿಸಿದ್ದು ಅವರು. ಮುಂದೆ ಎಷ್ಟು ಮೆಮೊರಿ ಬೇಕಾಗುತ್ತೆ ಅಂತ ಮೊದಲೇ ಗೊತ್ತಾಗದ ಇಂಥ ಪ್ರೋಗ್ರಾಂಗೋಸ್ಕರ ಲಿಸ್ಟ್‌ಗಳ ಮೇಲೆ ನಡೆಯೋ ಐಪಿಎಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆನೇ ಮಾಡ್ಬೇಕಾಯ್ತು, ಅದರಲ್ಲೂ ಶಾ ಕೈ ದೊಡ್ಡದು. ಮೆಕಾರ್ಥಿ ಆಮೇಲೆ ಲಿಸ್ಪ್ ಅನ್ನೋ ತಮ್ಮ ಪ್ರೋಗ್ರಾಮಿಂಗ್ ಭಾಷೆ ಮಾಡುವಾಗ ಲಿಸ್ಟ್ ಐಡಿಯಾ ತಗೊಂಡಿದ್ದು ಇಲ್ಲಿಂದ್ಲೇ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಪ್ರಶಸ್ತಿ, 1975ರ ಟ್ಯೂರಿಂಗ್ ಅವಾರ್ಡ್, ನ್ಯೂವೆಲ್‌ಗೂ ಸೈಮನ್‌ಗೂ ಬಂತು, ಶಾಗೆ ಇಲ್ಲ. ಮೂವರ ಹೆಸರೂ ಇರೋ 1957ರ ಪೇಪರ್ ಸಿಕ್ಕಿದ್ರೆ ಓದಿ, ಪ್ರೋಗ್ರಾಂ ಎಲ್ಲೆಲ್ಲಿ ಸೋತಿತು ಅನ್ನೋದನ್ನೂ ಬಿಡದೆ ಬರೆದಿದ್ದಾರೆ.